ಹೈಬ್ರಿಡ್: ಸಿಟಿಯೋ, ಹೈರೈಡರೋ?

ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್ ದಾಟಬೇಕು, ಹೋಂಡಾ ಸಿಟಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು) ತಗೊಳ್ಳಲಾ, ಟೊಯೊಟಾ ಹೈರೈಡರ್ ಹೈಬ್ರಿಡ್ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಓಟು ಹೈರೈಡರ್‌ಗೆ.

ಓಡಿಸುವ ಖುಷಿ ಸಿಟಿಯಲ್ಲೇ ಜಾಸ್ತಿ. ಅದರದು ನಾಲ್ಕು ಸಿಲಿಂಡರ್, ಹೈರೈಡರ್‌ನದು ಮೂರು. ಏರಿನಲ್ಲಿ ಜೋರಾಗಿ ತುಳಿದರೆ ಹೈರೈಡರ್‌ನ ಎಂಜಿನ್ ಸದ್ದು ಒಳಗೆ ಕೇಳುತ್ತದೆ. ಆದರೆ ಜಾಮ್‌ನಲ್ಲಿ ಎರಡೂ ಬಹುಪಾಲು ಬ್ಯಾಟರಿ ಮೇಲೇ ಸದ್ದಿಲ್ಲದೆ ತೆವಳುತ್ತವೆ, ಬ್ರೇಕ್ ಒತ್ತಿದಾಗ ಚಾರ್ಜ್ ವಾಪಸ್ ಬರುತ್ತದೆ.

ಮುಂದೆ ಮಾರುವಾಗ ಏನು ಅಂತಲೂ ನೋಡಬೇಕು ಅಲ್ವಾ? ಸಿಟಿಯಂಥ ಸೆಡಾನ್ ಕೇಳುವವರು ಕಡಿಮೆಯಾಗಿದ್ದಾರೆ, ಹೈರೈಡರ್‌ನಂಥ ಎತ್ತರದ ಕ್ರಾಸ್‌ಓವರ್‌ಗೆ ಗಿರಾಕಿ ಬೇಗ ಸಿಗುತ್ತಾರೆ. ಹೈರೈಡರ್ ತಯಾರಾಗುವುದೂ ನಮ್ಮ ಬಿಡದಿಯಲ್ಲೇ.

ಡಿಕ್ಕಿ ಮಾತ್ರ ಎರಡರಲ್ಲೂ ಚಿಕ್ಕದು, ಬ್ಯಾಟರಿ ಜಾಗ ತಿನ್ನುತ್ತದೆ. ಪೆಟ್ರೋಲ್ ಸಿಟಿಯಲ್ಲಿ 506 ಲೀಟರ್, ಹೈಬ್ರಿಡ್‌ನಲ್ಲಿ 306 ಅಷ್ಟೇ. ಊರಿಗೆ ಒಯ್ಯುವ ದೊಡ್ಡ ಸೂಟ್‌ಕೇಸನ್ನು ಶೋರೂಮ್‌ಗೇ ತಗೊಂಡು ಹೋಗಿ, ಇಟ್ಟು ನೋಡಿ.