ಕಟ್ಟಡಗಳ ತೆರವು ನಡೆದಾಗ ಹೂಡಿಕೆಯ ಹಣ ಬೇರೆ ಪ್ರದೇಶಕ್ಕೆ ಏಕೆ ಹೋಗುತ್ತದೆ?

ಹೂಡಿಕೆ ಹೀಗೆ ಬೇರೆಡೆಗೆ ಸರಿಯಲು ಕೆಡವಿದ ಕಟ್ಟಡಕ್ಕಿಂತ, ಅದರ ಸುತ್ತ ನಿಂತಿರುವ ಕಟ್ಟಡಗಳ ದಾಖಲೆಗಳ ಮೇಲೆ ಮೂಡುವ ಸಂಶಯವೇ ಹೆಚ್ಚು ಕಾರಣ. ಪಕ್ಕದ ನಿವೇಶನಕ್ಕೆ ಸಾಲ ಕೇಳಿದವರ ಕಡತವನ್ನು ಬ್ಯಾಂಕಿನ ವಕೀಲರು ಮತ್ತೆ ಬಿಚ್ಚಿ, ಹಕ್ಕುಪತ್ರ, ಮಂಜೂರಾದ ನಕ್ಷೆ, ಕಟ್ಟಡದ ಬಳಕೆಗೆ ಅನುಮತಿ ನೀಡುವ ಸ್ವಾಧೀನಾನುಭವ ಪ್ರಮಾಣಪತ್ರಗಳನ್ನು ಒಂದೊಂದಾಗಿ ಕೇಳತೊಡಗುತ್ತಾರೆ. ಸಾಲ ತಡವಾದಂತೆಲ್ಲ ಕೊಳ್ಳುವವರು ಹಿಂಜರಿದು, ಅದೇ ಹಣ ದಾಖಲೆ ಸ್ಪಷ್ಟವಾಗಿರುವ ಪ್ರದೇಶಗಳತ್ತ ಹೊರಳುತ್ತದೆ. ಮನೆ ಕಳೆದುಕೊಂಡವರು ಹತ್ತಿರದಲ್ಲೇ ನೆಲೆ ಹುಡುಕುವುದರಿಂದ ಅಲ್ಲಿನ ಬಾಡಿಗೆ ಮಾತ್ರ ಏರಬಹುದು, ಇದನ್ನು ಹೂಡಿಕೆ ಮರಳುತ್ತಿರುವ ಲಕ್ಷಣವೆಂದು ಭಾವಿಸುವುದು ದುಡುಕಾದೀತು. ತೆರವಿನ ನಿಯಮ ಮೊದಲೇ ತಿಳಿದಿದ್ದು ಪರಿಹಾರ ಸಕಾಲಕ್ಕೆ ಸಿಕ್ಕರೆ, ಅಥವಾ ಕೆಡವಿದ್ದೇ ಪುನರಭಿವೃದ್ಧಿಗಾಗಿದ್ದರೆ, ಹಣ ಅಲ್ಲಿಗೇ ಹರಿದು ಬರುವುದೂ ಉಂಟು.