ನೀಲಗಿರಿಯದೇ, ಆದರೆ ನೀಲಗಿರಿ ಎಣ್ಣೆಯಲ್ಲ

ಪ್ರಶ್ನೆ: ಊಟಿಯಿಂದ ತಂದ ವಿಂಟರ್‌ಗ್ರೀನ್ ಎಣ್ಣೆಯೂ ನೀಲಗಿರಿ ಎಣ್ಣೆಯೂ ಒಂದೇ ತಾನೆ? ನೆಗಡಿಗೆ ಇದರ ಹಬೆ ತೆಗೆದುಕೊಳ್ಳಬಹುದೆ?

ಉತ್ತರ: ಒಂದೇ ಅಲ್ಲ, ಹಬೆಗೂ ಬೇಡ. ನೀಲಗಿರಿ ಎಣ್ಣೆ ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ ಮರದ್ದು. ವಿಂಟರ್‌ಗ್ರೀನ್ ನೀಲಗಿರಿ, ಪಳನಿ ಬೆಟ್ಟಗಳಲ್ಲೂ ಹಿಮಾಲಯದಲ್ಲೂ ತಾನಾಗಿ ಬೆಳೆಯುವ ನಿತ್ಯಹಸಿರು ಪೊದೆ, ಗಾಲ್ತೇರಿಯಾ ಫ್ರಾಗ್ರಾಂಟಿಸ್ಸಿಮಾ. ಎಲೆ ದಪ್ಪ, ಅಂಚು ಗರಗಸದಂತೆ; ಬಿಳಿ ಹೂ ಪುಟ್ಟ ಗಡಿಗೆ ಬೋರಲು ಹಾಕಿದ ಹಾಗೆ. ಎಲೆ ಹಿಸುಕಿದರೆ ನೋವಿನ ಮುಲಾಮಿನ ಡಬ್ಬಿ ತೆರೆದಂಥ ವಾಸನೆ.

ಪ್ರಶ್ನೆ: ಕೂನೂರಿನ ನಮ್ಮ ತೋಟದ ಗಿಡದ ಎಲೆ ಕುದಿಸಿ ಭಟ್ಟಿ ಇಳಿಸಿದೆವು. ನೀರಿನ ಮೇಲೆ ಎಣ್ಣೆ ತೇಲಲೇ ಇಲ್ಲ, ಏಕೆ?

ಉತ್ತರ: ತಳ ನೋಡಿದಿರಾ? ಈ ಎಣ್ಣೆ ನೀರಿಗಿಂತ ಭಾರ (ಸಾಂದ್ರತೆ ಸುಮಾರು 1.18), ಮುಳುಗುತ್ತದೆ. ತಳದಲ್ಲೂ ಇಲ್ಲದಿದ್ದರೆ ತಪ್ಪು ಅವಸರದ್ದು. ಎಲೆಯಲ್ಲಿ ಇದು ಸಕ್ಕರೆಯ ಅಂಶಕ್ಕೆ ಅಂಟಿಕೊಂಡಿರುತ್ತದೆ. ಜಜ್ಜಿ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಎಲೆಯದೇ ಕಿಣ್ವ ಅದನ್ನು ಬಿಡಿಸುತ್ತದೆ; ಒಮ್ಮೆಲೇ ಕುದಿಸಿದರೆ ಆ ಕಿಣ್ವವೇ ಸಾಯುತ್ತದೆ. ಸರಿಯಾಗಿ ಮಾಡಿದರೂ 10 ಕಿಲೋ ಹಸಿ ಎಲೆಗೆ 50ರಿಂದ 80 ಗ್ರಾಂ ಸಿಕ್ಕರೆ ಹೆಚ್ಚು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಈ ಎಣ್ಣೆ ಹಾಗೇ ತಿಕ್ಕಬಹುದೆ? ಅವರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಾರೆ.

ಉತ್ತರ: ಅಮ್ಮನಿಗೆ ಬೇಡವೇ ಬೇಡ. ಎಣ್ಣೆಯಲ್ಲಿ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್ನಿನ ದಾಯಾದಿ. ಬರೀ ಚರ್ಮಕ್ಕೆ ಹಚ್ಚಿದರೂ ರಕ್ತಕ್ಕೆ ಸೇರಿ ವಾರ್ಫರಿನ್ನಿನ ಜೋರು ಹೆಚ್ಚಿಸುತ್ತದೆ, ರಕ್ತಸ್ರಾವವಾದೀತು. ಆಸ್ಪಿರಿನ್ ಒಗ್ಗದವರು, ಗರ್ಭಿಣಿಯರು, ಮಕ್ಕಳೂ ದೂರವಿರಬೇಕು.

ಉಳಿದವರೂ ಹಾಗೇ ತಿಕ್ಕಬಾರದು, ಚರ್ಮ ಉರಿದು ಕೆಂಪಾಗುತ್ತದೆ. 100 ಮಿ.ಲೀ. ಎಳ್ಳೆಣ್ಣೆಗೆ 2 ಮಿ.ಲೀ. ಸಾಕು. ಎಳ್ಳೆಣ್ಣೆ ಬಿಸಿ ಮಾಡುವುದಿದ್ದರೆ ಪೂರ್ತಿ ಆರಿದ ಮೇಲೆ ಬೆರೆಸಿ, ಇಲ್ಲವಾದರೆ ಘಾಟು ಅಡುಗೆಮನೆಗೆ, ಔಷಧ ಗಾಳಿಗೆ. ಮೊದಲು ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ. ಉಳುಕು, ಸ್ನಾಯು ನೋವಿಗೆ ದಿನಕ್ಕೆರಡು ಬಾರಿ ಸವರಿ. ಹಚ್ಚಿದ ಮೇಲೆ ಬಿಸಿನೀರಿನ ಚೀಲ, ಬಿಗಿ ಪಟ್ಟಿ ಎರಡೂ ಕೂಡದು: ಶಾಖಕ್ಕೆ ಔಷಧ ಹೆಚ್ಚು ಒಳಗಿಳಿಯುತ್ತದೆ, ಸುಟ್ಟ ಗಾಯವೂ ಆದೀತು. ಗಾಯವಿದ್ದಲ್ಲಿ ಮುಟ್ಟಿಸಲೇಬೇಡಿ.

ಹೊಟ್ಟೆಗಂತೂ ಒಂದು ಹನಿಯೂ ಬೇಡ. ಒಂದು ಚಮಚ, ಅಂದರೆ 5 ಮಿ.ಲೀ., ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ. ಪುಟ್ಟ ಮಗುವಿನ ಜೀವಕ್ಕೆ ಅಷ್ಟು ಸಾಕು. ಪರಿಮಳ ಮಿಠಾಯಿಯಂತಿರುವುದೇ ಅಪಾಯ. ಮಗು ಕುಡಿದರೆ ವಾಂತಿ ಮಾಡಿಸಲು ಹೋಗದೆ, ಉಸಿರು ಏದುಸಿರಾಗುವವರೆಗೂ ಕಾಯದೆ, ಶೀಶೆಯ ಸಮೇತ ಆಸ್ಪತ್ರೆಗೆ ಓಡಿ.