ಗಿಡ ಅದೇ, ತುಕ್ಕು ಅದೇ, ಬದಲಾದದ್ದೇನು?

ಪ್ರಶ್ನೆ: ಕಾವೇರಿ ತಳಿಯ ಅರೇಬಿಕಾ ಕಾಫಿ ನೆಟ್ಟಾಗ, ಇದಕ್ಕೆ ಎಲೆ ತುಕ್ಕು ರೋಗ ಬರುವುದಿಲ್ಲವೆಂದು ತಿಳಿದವರೇ ಹೇಳಿದ್ದರು. ಈಗ ಅದೇ ತೋಟದಲ್ಲಿ ತುಕ್ಕು ಕಾಣಿಸಿಕೊಂಡಿದೆ. ಕೇಳಿದರೆ, ರೋಗನಿರೋಧಕ ಶಕ್ತಿಯೆಂದರೆ ನೀವಂದುಕೊಂಡ ಹಾಗಲ್ಲ ಎನ್ನುತ್ತಾರೆ. ವಿಜ್ಞಾನ ತಲೆಮಾರಿಗೊಂದು ಮಾತಾಡಿದರೆ ಬೆಳೆಗಾರರು ಯಾವುದನ್ನು ನಂಬಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ತಮ್ಮ ಬೇಸರ ಸಹಜವಾದದ್ದೇ. ಆದರೆ ಇಲ್ಲಿ ಹಳೆಯ ಮಾತು ಸುಳ್ಳಾಗಿ ಹೊಸದು ನಿಜವಾಯಿತೆಂದು ಹೇಳಿದರೆ ವಿಷಯ ಪೂರ್ತಿಯಾಗುವುದಿಲ್ಲ.

ಕಾಫಿ ತೋಟಗಳಲ್ಲಿ ಎಲೆ ತುಕ್ಕಿನ ಹಾವಳಿ ಮೊದಲು ದಾಖಲಾದದ್ದು 1869ರಲ್ಲಿ, ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ). ಮಣ್ಣು ಸತ್ವಗೆಟ್ಟಿತು, ಹವೆ ಕೆಟ್ಟಿತು ಎಂಬ ವಿವರಣೆಗಳು ಆಗ ಪ್ರಬಲವಾಗಿದ್ದವು. ತುಕ್ಕು ರೋಗಗಳಿಗೆ ಶಿಲೀಂಧ್ರವೇ ಕಾರಣವೆಂದು ಜರ್ಮನಿಯ ಡಿ ಬಾರಿ 1853ರಲ್ಲೇ ತೋರಿಸಿಕೊಟ್ಟಿದ್ದರೂ ಆ ತಿಳಿವಳಿಕೆ ತೋಟದವರೆಗೆ ಬಂದಿರಲಿಲ್ಲ. 1880ರಲ್ಲಿ ಸಿಲೋನಿಗೆ ಬಂದ ಬ್ರಿಟಿಷ್ ಸಸ್ಯವಿಜ್ಞಾನಿ ಮಾರ್ಷಲ್ ವಾರ್ಡ್, ಶಿಲೀಂಧ್ರದ ಬೀಜಕಣ ಎಲೆಯ ಮೇಲೆ ನೀರಿದ್ದಾಗ ಮೊಳೆತು, ಎಲೆಯಡಿಯ ಪತ್ರರಂಧ್ರದ ಮೂಲಕ ಒಳಹೊಗುವುದನ್ನು ಹಂತಹಂತವಾಗಿ ಗಮನಿಸಿದರು. ಎಲೆಯನ್ನು ಮಗುಚಿದರೆ ಬೆರಳಿಗೆ ಅಂಟುವ ಕಿತ್ತಳೆ ಹಳದಿ ಪುಡಿ ಈ ಬೀಜಕಣಗಳ ರಾಶಿಯೇ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆತ ನೀರು) ಹೊಡೆಯುವಾಗ ಎಲೆಯ ಅಡಿಭಾಗ ಚೆನ್ನಾಗಿ ನೆನೆಯಬೇಕೆಂದು ಇಂದಿಗೂ ಒತ್ತಾಯಿಸುವುದು ಇದೇ ಕಾರಣಕ್ಕೆ.

ಅಷ್ಟಾದರೂ ನಿರೋಧಕ ಶಕ್ತಿಯ ಕಲ್ಪನೆ ಸರಳವಾಗಿಯೇ ಉಳಿದಿತ್ತು: ಕೆಲವು ಗಿಡ ಗಟ್ಟಿ, ಕೆಲವು ದುರ್ಬಲ, ಗಟ್ಟಿ ಗಿಡದ ಬೀಜ ಆರಿಸಿಕೊಂಡರೆ ಸಾಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಸಿಕ್ಕ ಕೆಂಟ್ಸ್ ತಳಿ ಹೀಗೆ ಹೆಸರಾಯಿತು, ಕೆಲವು ಕಾಲದ ನಂತರ ಅದಕ್ಕೂ ತುಕ್ಕು ಹಿಡಿಯಿತು. ಗಿಡ ಬಲ ಕಳೆದುಕೊಂಡಿತೆಂದು ಹೇಳಿ ಸುಮ್ಮನಾಗಬಹುದಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿದ್ದ ಮೇಯ್ನ್ ಹಾಗೆ ಮಾಡದೆ, ಕಣ್ಣಿಗೆ ಒಂದೇ ರೀತಿ ಕಾಣುವ ಈ ಶಿಲೀಂಧ್ರದಲ್ಲಿ ಬೇರೆ ಬೇರೆ ಪ್ರಭೇದಗಳು, ಎಂದರೆ ಒಂದೇ ಜಾತಿಯೊಳಗಿನ ಒಳಬಗೆಗಳು, ಇವೆಯೆಂದು 1930ರ ದಶಕದಲ್ಲಿ ತೋರಿಸಿದರು. ಕೆಂಟ್ಸ್ ಗಿಡ ಒಂದು ಪ್ರಭೇದವನ್ನು ತಡೆಯುತ್ತಿತ್ತು, ಇನ್ನೊಂದನ್ನು ತಡೆಯಲಾರದಾಗಿತ್ತು. ಮುಂದೆ ಅಮೆರಿಕದ ಫ್ಲೋರ್ ಅಗಸೆಯ ತುಕ್ಕಿನ ಮೇಲೆ ನಡೆಸಿದ ಪ್ರಯೋಗಗಳಿಂದ, ಗಿಡದ ಒಂದು ನಿರೋಧಕ ಜೀನ್ ಕೆಲಸ ಮಾಡಬೇಕಾದರೆ ಶಿಲೀಂಧ್ರದಲ್ಲಿ ಅದಕ್ಕೆ ಸರಿಹೊಂದುವ ಜೀನ್ ಇರಲೇಬೇಕೆಂಬ ಚಿತ್ರ ಮೂಡಿತು. ಎಂದರೆ, ಯಾವುದನ್ನು ಗಿಡದ ಸ್ವಂತ ಗುಣವೆಂದು ತಿಳಿದಿದ್ದೆವೋ ಅದು ಎರಡು ಜೀವಿಗಳ ನಡುವಿನ ಸಂಬಂಧವಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇದೇ: ಕೆಂಟ್ಸ್ ಒಂದು ಕಾಲದಲ್ಲಿ ತುಕ್ಕಿಲ್ಲದೆ ಬೆಳೆದದ್ದು ನಿಜ, ಅನಂತರ ಸೋತದ್ದೂ ನಿಜ, ಹೊಸ ಕಲ್ಪನೆ ಈ ಎರಡರಲ್ಲಿ ಯಾವುದನ್ನೂ ತಳ್ಳಿಹಾಕದೆ ಎರಡಕ್ಕೂ ಕಾರಣ ಹೇಳುತ್ತದೆ.

ತಮ್ಮ ಕಾವೇರಿಯ ಸ್ಥಿತಿಯೂ ಅದೇ. ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಟಿಮೋರ್ ಮಿಶ್ರತಳಿಯಿಂದ ಅದಕ್ಕೆ ನಿರೋಧಕ ಜೀನ್‌ಗಳು ಬಂದವು. ಅವುಗಳನ್ನು ದಾಟಬಲ್ಲ ಪ್ರಭೇದಗಳು ಆಮೇಲೆ ಹರಡಿದವು. ಬೀಜದ ಬೆರಕೆಯಿಂದ ಕೆಡುವುದೂ ಉಂಟು, ಆ ಮಾತು ಬೇರೆ. ಲೋಕದಲ್ಲಿ ಈಗ 40ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಹೀಗಿರುವಾಗ ಒಂದು ತಳಿಗೆ ರೋಗವೇ ಬರುವುದಿಲ್ಲವೆಂದು ಅವಧಿ ಹೇಳದೆ ಮಾರುವುದು ತಪ್ಪು, ಆ ಭರವಸೆಯನ್ನು ವಿಜ್ಞಾನ ಕೊಟ್ಟಿರಲಿಲ್ಲ. ನಿರೋಧಕ ತಳಿ ಇದ್ದರೂ ನೆರಳು ಹದಮಾಡುವುದನ್ನೂ ಸಿಂಪಡಣೆಯನ್ನೂ ಬಿಡಬೇಡಿ.

ಪ್ರಶ್ನೆ: ತಾತ ಓದಿದ ಪಠ್ಯದಲ್ಲಿ ಶಿಲೀಂಧ್ರವೆಂದರೆ ಸಸ್ಯ. ನಮಗೆ ಅಲ್ಲ ಎನ್ನುತ್ತಾರೆ. ಏಕೆ?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಚಲಿಸದ ಜೀವಿಗಳೆಲ್ಲ ಸಸ್ಯವೆಂಬ ಹಳೆಯ ವಿಂಗಡಣೆಯಲ್ಲಿ ಅವು ಅಲ್ಲಿಯೇ ಸೇರಿದ್ದವು. ಅವುಗಳಲ್ಲಿ ಪತ್ರಹರಿತ್ತಿಲ್ಲ, ಕೋಶಭಿತ್ತಿಯಲ್ಲಿ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಇದೆ. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಅವುಗಳಿಗೆ ಪ್ರತ್ಯೇಕ ಸಾಮ್ರಾಜ್ಯ ಕೊಟ್ಟರು. ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರವೆಂದು ಆನುವಂಶಿಕ ಹೋಲಿಕೆಗಳು ನಂತರ ತಿಳಿಸಿದವು. ಹಾಗಿದ್ದೂ ಕಾಲೇಜುಗಳಲ್ಲಿ ಅವುಗಳ ಪಾಠ ಇನ್ನೂ ಸಸ್ಯಶಾಸ್ತ್ರ ವಿಭಾಗದಲ್ಲೇ ನಡೆಯುತ್ತದೆ.